ನಡೀತದೇನ್ರಿ, ಟೀಚರ್?

ಟೀಚರ್ ತೀರಿಕೊಂಡು, ಮಣ್ಣು ಕೊಟ್ಟು ಬಂದು, ಚರ್ಚಿನಲ್ಲಿ ಅವರ ಹೆಸರಿನ ಪ್ರಾರ್ಥನೆಯೂ ಮುಗಿದಿತ್ತು. ಮೊನ್ನೆ ಬೆಳಿಗ್ಗೆ ಚಹಾ ಕುಡಿಯುತ್ತಾ ಮೊಬೈಲ್ ತೆಗೆದರೆ ಅವರಿಂದ ನನಗೆ ಫ್ರೆಂಡ್ ರಿಕ್ವೆಸ್ಟ್ ಬಂದಿದೆ! ಅದೇ ಹೆಸರು, ಅದೇ ಫೋಟೋ. ಅರ್ಧ ಚಹಾ ಬನಿಯನ್ ಮೇಲೆ ಚೆಲ್ಲಿತು. "ಏನಾಯ್ತ್ರಿ?" ಎಂದಳು ಹೆಂಡತಿ. "ಟೀಚರ್..." ಎಂದೆ. "ಯಾವ ಟೀಚರ್?" "ನಮ್ಮ ಟೀಚರ್." ಆಕೆ ಬಂದು ನನ್ನ ಹಣೆ ಮುಟ್ಟಿ ನೋಡಿದಳು.

ಆ ಫೋಟೋ ನನಗೆ ಚೆನ್ನಾಗಿ ಗೊತ್ತು. ಅವರು ನಿವೃತ್ತರಾದ ದಿನ ಬೀದರದ ನಮ್ಮ ಶಾಲೆಯ ಮೆಟ್ಟಿಲ ಮೇಲೆ ನಾವೆಲ್ಲ ನಿಂತು ತೆಗೆಸಿಕೊಂಡದ್ದು. ಯಾರೋ ಪುಣ್ಯಾತ್ಮ ಅದರಲ್ಲಿ ಟೀಚರ್ ಒಬ್ಬರನ್ನೇ ಕತ್ತರಿಸಿಕೊಂಡಿದ್ದಾನೆ. ಕತ್ತರಿಸುವ ಹದ ಗೊತ್ತಿಲ್ಲದೆ ಎಡಗಡೆ ಒಂದು ಕಂದು ಅಂಗಿಯ ಭುಜ, ಅರ್ಧ ಕಿವಿ ಉಳಿಸಿದ್ದಾನೆ. ಭುಜ ನನ್ನದು. ಕಿವಿಯೂ ನನ್ನದೇ.

ಟೀಚರ್ ಹೆಸರು ಇಲ್ಲಿ ಬರೆಯುವುದಿಲ್ಲ. ಅವರ ಹೆಸರು ಒಮ್ಮೆ ಕಳುವಾಗಿದೆ, ಈಗ ನೋಡಿದರೆ ಮತ್ತೆ ಕಳುವಾಗಿದೆ. ನಾನೂ ಅದನ್ನು ತಂದು ಬೀದಿಯಲ್ಲಿಡುವುದು ಬೇಡ.

ಔರಾದ ಕಡೆಯ ಹಳೆಯ ಕ್ರಿಶ್ಚಿಯನ್ ಮನೆತನ ಅವರದು. ಮಿಷನ್ನಿನ ಕಾಲದಿಂದ ಮನೆ ತುಂಬಾ ನರ್ಸುಗಳು, ಮಾಸ್ತರರು. ಇವರು ಮೊದಲು ಭಾಲ್ಕಿಯಲ್ಲಿ, ಆಮೇಲೆ ಬೀದರದಲ್ಲಿ ಗಣಿತ ಕಲಿಸಿದರು. ಮದುವೆಯಾಗಲಿಲ್ಲ, ನರ್ಸ್ ಆಗಿದ್ದ ಅಕ್ಕನ ಜೊತೆ ಚರ್ಚಿನ ಹಿಂದಿನ ಓಣಿಯಲ್ಲಿ ಇದ್ದರು. ನಾನು ಹಲಬರ್ಗಾದವನು, ಅದೇ ಶಾಲೆಗೆ ಕನ್ನಡದ ಮಾಸ್ತರ. ನನ್ನನ್ನು ಅವರು ಕೊನೆಯವರೆಗೂ "ಕನ್ನಡ ಸರ್" ಎಂದೇ ಕರೆದರು.

ಅವರ ಬಾಯಲ್ಲಿ ಹೊಗಳಿಕೆ ಎಂಬ ಪದಾರ್ಥವೇ ಇರಲಿಲ್ಲ ಮಾರಾಯರೆ. ಹುಡುಗರು ಲೆಕ್ಕ ಮುಗಿಸಿ ಪಾಟಿ ಎತ್ತಿ ಹಿಡಿದು "ನಡೀತದೇನ್ರಿ, ಟೀಚರ್?" ಎಂದು ಕೇಳಬೇಕು. ಟೀಚರ್ ಕನ್ನಡಕ ತೆಗೆದು, ಸೆರಗಿನ ತುದಿಯಿಂದ ಒರೆಸಿ, ಮತ್ತೆ ಹಾಕಿಕೊಂಡು ನೋಡುವರು. ತಪ್ಪಿದ್ದರೆ "ನಡ್ಯಾಂಗಿಲ್ಲ". ಸರಿ ಇದ್ದರೆ "ನಡೀತದ". ಅಷ್ಟೇ. ಹತ್ತನೇ ತರಗತಿಯಲ್ಲಿ ನೂರಕ್ಕೆ ನೂರು ತಂದವಳು ಪೇಡೆ ಹಿಡಿದುಕೊಂಡು ಬಂದು ನಿಂತಾಗಲೂ "ನಡೀತದ". ನನ್ನ ಮದುವೆಯಲ್ಲಿ ಊಟಕ್ಕೆ ಕೂತವರನ್ನು "ಅಡುಗಿ ಹ್ಯಾಂಗಾಗೇದ್ರಿ?" ಎಂದು ನಮ್ಮವ್ವ ಕೇಳಿದರೆ ಟೀಚರ್ "ನಡೀತದ್ರಿ" ಎಂದರು. ನಮ್ಮವ್ವ ಒಳಗೆ ಹೋಗಿ ಅಡುಗೆಯವನನ್ನು ಬೈದಳು.

ಒಂದು ಸಲ ತಡೆಯಲಾರದೆ ಕೇಳಿಯೇಬಿಟ್ಟೆ. "ಟೀಚರ್, ಒಂದ್ ಸಲನರ ಭೇಷ್ ಅನ್ನಬಾರದೇನ್ರಿ? ಹುಡುಗರಿಗಿ ಹುರುಪು ಬರ್ತದ."

"ಕನ್ನಡ ಸರ್, ಲೆಕ್ಕ ಸರಿ ಇದ್ರ ಸರಿ. ಅದಕ್ಕ ಭೇಷ್ ಯಾಕ? ನೀವು ಅದೀರಲ್ಲ ಭೇಷ್ ಅನ್ಲಿಕ್ಕ. ನಿಮ್ಮ ಕ್ಲಾಸಿನಾಗ ಬರೇ ತನ್ನ ಹೆಸರು ಬರ್ದವ್ನಿಗೂ ಭೇಷ್ ಅಂತೀರಿ."

ಮಾತು ಸುಳ್ಳಲ್ಲ. ನಾನು ಗಂಟಲು ಹರಿದುಕೊಂಡು ಪದ್ಯ ಹೇಳುವವನು, ಎಲ್ಲರನ್ನೂ ಹೊಗಳುವವನು, ಪಕ್ಕದ ತರಗತಿಯವರಿಗೂ ಕೇಳಲಿ ಎನ್ನುವಂಥ ದನಿ ನನ್ನದು. ಖರೆ ಹೇಳಬೇಕೆಂದರೆ ಒಂದೇ ಒಂದು ಸಲ ಟೀಚರ್ ಬಾಯಿಂದ ನನ್ನ ಪಾಠದ ಬಗ್ಗೆ ಒಂದು ಮಾತು ಕೇಳಬೇಕೆಂಬ ಆಸೆ ನನಗಿತ್ತು. "ನಡೀತದ" ಅಂದಿದ್ದರೂ ಸಾಕಿತ್ತು. ಅದನ್ನೂ ಅವರು ಅನ್ನಲಿಲ್ಲ.

ಹೀಗಿರುವಾಗ ಅವರು ನಿವೃತ್ತರಾದ ಮರುವರ್ಷ ಜಾಲತಾಣದಲ್ಲಿ ಅವರ ಖಾತೆ ಕಾಣಿಸಿಕೊಂಡಿತು. ಆಗಲೂ ಇದೇ ಫೋಟೋ, ಇದೇ ನನ್ನ ಭುಜ. ಹಳೆಯ ವಿದ್ಯಾರ್ಥಿಗಳೆಲ್ಲ ಮುಗಿಬಿದ್ದು ಸೇರಿಕೊಂಡರು, ನಾನೂ ಸೇರಿದೆ. ಅಬ್ಬಾ, ಅದರಲ್ಲಿನ ಟೀಚರೇ ಬೇರೆ! ಯಾರಿಗೋ ಕೂಸು ಹುಟ್ಟಿದರೆ "ದೇವರು ನಿನ್ನ ಮಡಿಲು ಹರಸಲಿ ಮಗಳೆ". ಭಾಲ್ಕಿಯಲ್ಲಿ ಒಬ್ಬ ಹಳೆಯ ಶಿಷ್ಯ ಬೇಕರಿ ತೆರೆದರೆ "ನಿನ್ನಂಥ ಶಿಷ್ಯನನ್ನು ಪಡೆದ ನಾನು ಧನ್ಯಳು". ನನಗೆ ಬಂದದ್ದು ಎಲ್ಲಕ್ಕಿಂತ ಉದ್ದ: "ಗೌರವಾನ್ವಿತ ಸರ್, ನಿಮ್ಮೊಡನೆ ಕಳೆದ ವರ್ಷಗಳು ನನ್ನ ಬದುಕಿನ ಸುವರ್ಣ ವರ್ಷಗಳು. ನೀವು ಪಾಠ ಮಾಡುವಾಗ ಬಾಗಿಲ ಹೊರಗೆ ನಿಂತು ಕೇಳುತ್ತಿದ್ದೆ."

ಅದನ್ನು ಎಷ್ಟು ಸಲ ಓದಿದೆನೋ! ಹೆಂಡತಿಗೆ ಓದಿ ಹೇಳಿದೆ, ಹಲಬರ್ಗಾದ ತಮ್ಮನಿಗೆ ಫೋನ್ ಮಾಡಿ ಹೇಳಿದೆ. ಭಾಷೆ ತೀರ ಗ್ರಾಂಥಿಕವಾಗಿದೆಯಲ್ಲ ಎಂದು ಅನಿಸಿತ್ತು, ಇಲ್ಲವೆನ್ನುವುದಿಲ್ಲ. ನಿವೃತ್ತಿಯಾದ ಮೇಲೆ ಪುರಸೊತ್ತು ಸಿಕ್ಕಿ ಪುಸ್ತಕ ಓದುತ್ತಿರಬೇಕು, ಮನಸ್ಸೂ ಮೆತ್ತಗಾಗಿರಬೇಕು ಎಂದು ನಾನೇ ಸಮಾಧಾನ ಹೇಳಿಕೊಂಡೆ. ಎಲ್ಲರಿಗೂ ಕಾಣುವಂತೆ ಅದರ ಕೆಳಗೆ "ಟೀಚರ್, ಜನ್ಮ ಸಾರ್ಥಕವಾಯಿತು" ಎಂದು ಬರೆದೆ.

ಮುಂದಿನ ವಾರ ತರಕಾರಿ ಮಾರ್ಕೆಟ್ಟಿನಲ್ಲಿ ಸಿಕ್ಕರು. ಛತ್ರಿ ಬಗಲಲ್ಲಿಟ್ಟು ಬದನೆಕಾಯಿ ಆರಿಸುತ್ತಿದ್ದರು.

"ಟೀಚರ್, ನಿಮ್ಮ ಮಾತು ಓದಿ ಕಣ್ಣಾಗ ನೀರ ಬಂತ್ರಿ" ಎಂದೆ.

"ಯಾವ ಮಾತು?"

"ಅದೇರಿ, ಮೊಬೈಲ್‌ದಾಗ ಬರ್ದೀರಲ್ಲ."

"ನಾ ಏನೂ ಬರ್ದಿಲ್ಲ. ಈ ಬದನಿಕಾಯಿ ನೋಡ್ರಿ, ಎಲ್ಲಾ ಹುಳಕ ಅವ."

ನಾನು ನಕ್ಕೆ. ಹೊಗಳಿದ್ದನ್ನು ಒಪ್ಪಿಕೊಳ್ಳಲೂ ನಾಚಿಕೆಪಡುವ ಹೆಣ್ಣುಮಗಳು ಎಂದುಕೊಂಡು, ಅವರ ಚೀಲ ಆಟೋದವರೆಗೆ ಹೊತ್ತುಕೊಟ್ಟು ಮನೆಗೆ ಬಂದೆ. ಅವರ ಹತ್ತಿರ ಇದ್ದದ್ದು ಗುಂಡಿ ಒತ್ತುವ ಹಳೆಯ ಫೋನು ಎಂಬುದು ಕಣ್ಣಿಗೆ ಬಿದ್ದಿತ್ತು, ತಲೆಗೆ ಹೋಗಲಿಲ್ಲ.

ಒಂದು ತಿಂಗಳಾಗಿರಬಹುದು. ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಬುತ್ತಿ ಬಿಚ್ಚಿದ್ದೆ, ಟೀಚರ್ ಫೋನ್ ಬಂತು. "ಕನ್ನಡ ಸರ್, ಜಲ್ದಿ ಮನಿಗಿ ಬರ್ರಿ." ಇನ್ನೊಂದು ಮಾತಿಲ್ಲ, ಇಟ್ಟುಬಿಟ್ಟರು.

ಹೋಗಿ ನೋಡಿದರೆ ಸವಿತಾ ಕೂತಿದ್ದಾಳೆ. ಔರಾದ ಹತ್ತಿರದ ಹಳ್ಳಿಯ ಹುಡುಗಿ, ಬೀದರದ ಹಾಸ್ಟೆಲಿನಲ್ಲಿದ್ದು ನಮ್ಮ ಶಾಲೆಯಲ್ಲಿ ಓದಿದವಳು. ಪೇಡೆ ಹಿಡಿದುಕೊಂಡು ಬಂದಿದ್ದಳು ಅಂದೆನಲ್ಲ, ಅವಳೇ. ಕಾಲ ಹತ್ತಿರ ಬಟ್ಟೆಯ ಬ್ಯಾಗು. ಟೀಚರ್ ಅವರ ಅಕ್ಕ ಅವಳ ಬೆನ್ನು ಸವರುತ್ತಿದ್ದರು. ಟೀಚರ್ ಮಾತ್ರ ಬಾಗಿಲ ಹತ್ತಿರ ನೆಟ್ಟಗೆ ನಿಂತಿದ್ದರು.

"ಸರ್‌ಗಿ ತೋರ್ಸು" ಎಂದರು.

ಸವಿತಾ ಮೊಬೈಲ್ ನನ್ನ ಕೈಗೆ ಕೊಟ್ಟಳು. ಆ ಖಾತೆಯ ಜೊತೆ ಅವಳು ಒಳಗೊಳಗೇ ಮಾತಾಡುತ್ತಾ ಬಂದದ್ದೆಲ್ಲ ಅದರಲ್ಲಿತ್ತು. ಡಿಗ್ರಿ ಮುಗಿದಿದೆ, ಬಿ.ಎಡ್. ಮಾಡಬೇಕೆಂಬ ಆಸೆ, ಮನೆಯಲ್ಲಿ ಮದುವೆ ಗೊತ್ತು ಮಾಡಿದ್ದಾರೆ, ಯಾರ ಮುಂದೆ ಹೇಳಲಿ ಟೀಚರ್ ಎಂದು ಅವಳು ಬರೆದಿದ್ದಳು. "ಅಳಬೇಡ ಮಗಳೆ, ನಾನಿದ್ದೇನೆ" ಎಂದು ಅತ್ತಲಿಂದ ಉತ್ತರ. ಆಮೇಲೆ ಹೈದರಾಬಾದಿನಲ್ಲಿ ಹಾಸ್ಟೆಲ್ ಮಾಡಿಸಿಕೊಡುತ್ತೇನೆ, ಮನೆಯಲ್ಲಿ ಹೇಳಬೇಡ, ಬೀದರ ಬಸ್ ಸ್ಟ್ಯಾಂಡಿಗೆ ಬಾ, ನನ್ನ ತಮ್ಮ ಕಾರು ತರುತ್ತಾನೆ ಎಂದಿತ್ತು.

"ನೀವೆಲ್ಲಾ ಅದರಾಗ ಮಾತಾಡ್ತಿದ್ರಲ್ರಿ ಸರ್. ನೀವೂ ಬರ್ದಿದ್ರಿ, ಜನ್ಮ ಸಾರ್ಥಕ ಅಂತ. ಅದಕ್ಕ ನಾ ಭರೋಸಾ ಮಾಡಿದ್ನಿರಿ" ಎಂದಳು ಸವಿತಾ.

ಆಗ ನನಗೆ ಎಲ್ಲಿ ಮುಖ ಇಟ್ಟುಕೊಳ್ಳಬೇಕೋ ತಿಳಿಯಲಿಲ್ಲ.

ಅವಳು ಬೆಳಿಗ್ಗೆ ಗೆಳತಿಯ ಮನೆಗೆಂದು ಹೇಳಿ ಬಸ್ ಹತ್ತಿ ಬಂದಿದ್ದಳು. ಬೀದರದಲ್ಲಿ ಇಳಿದ ಮೇಲೆ ಅನುಮಾನ ಹತ್ತಿದೆ. ಮಾಡುತ್ತಿರುವುದು ಸರಿಯೋ ತಪ್ಪೋ? ಶಾಲೆಯಲ್ಲಿ ಪಾಟಿ ಎತ್ತಿ ಕೇಳುತ್ತಿದ್ದ ರೂಢಿ ನೋಡಿ, ತನಗೆ ಅರಿವಿಲ್ಲದೆಯೇ "ನಡೀತದೇನ್ರಿ, ಟೀಚರ್?" ಎಂದು ಬರೆದು ಕಳಿಸಿದ್ದಾಳೆ. "ನಡೀತದ" ಎಂಬ ಒಂದು ಮಾತು ಬಂದರೆ ಸಾಕು, ಕಣ್ಣು ಮುಚ್ಚಿ ಕಾರು ಹತ್ತುವವಳು ಅವಳು.

ಉತ್ತರ ಬಂದಿದೆ: "ನಡೆಯಬೇಡ ಮಗಳೆ, ಕಾಲು ನೋಯುತ್ತದೆ. ಕಾರು ಬರುತ್ತದೆ."

ನಮ್ಮ ಕಡೆಯ ಕೂಸಿಗೂ ಗೊತ್ತಿರುವ ಮಾತು ಅದು. ನಡೀತದ ಅಂದರೆ ಆದೀತು, ಸರಿ ಅಂತ. ಅದನ್ನು ಕಾಲಿನ ನಡಿಗೆ ಎಂದು ತಿಳಿದವನು ಬೀದರದ ನೀರು ಕುಡಿದವನಲ್ಲ. ಯಾವ ಊರಿನಲ್ಲಿ ಕೂತಿದ್ದನೋ, ಯಾವ ಯಂತ್ರದಿಂದ ಕನ್ನಡ ಮಾಡಿಸುತ್ತಿದ್ದನೋ ದೇವರೇ ಬಲ್ಲ! ಟೀಚರ್ ಆಗಿದ್ದರೆ ಆ ಪ್ರಶ್ನೆಗೆ ಇರುವುದು ಎರಡೇ ಉತ್ತರ. ಸವಿತಾಳಿಗೆ ಇದು ಟೀಚರ್ ಅಲ್ಲ ಎಂದು ಹೊಳೆದಿದೆ. ಬ್ಯಾಗ್ ಎತ್ತಿಕೊಂಡು, ಕಂಡ ಆಟೋ ಹತ್ತಿ, ಚರ್ಚಿನ ಹಿಂದಿನ ಓಣಿಗೆ ಬಂದುಬಿಟ್ಟಿದ್ದಾಳೆ.

ಮೊದಲು ಹೋಗಿ ಪೊಲೀಸರಿಗೆ ದೂರು ಕೊಟ್ಟೆವು. ಅವರು ಸಂದೇಶಗಳನ್ನೆಲ್ಲ ಇಳಿಸಿಕೊಂಡು, ಸದ್ಯಕ್ಕೆ ಆ ಖಾತೆಗೆ ಏನೂ ಬರೆಯಬೇಡಿ, ನೋಡುತ್ತೇವೆ ಎಂದರು. ಹೊರಗೆ ಬಂದ ಮೇಲೆ ಟೀಚರ್ "ಈಗ ಔರಾದಕ್ಕ ಹೋಗೂಣು" ಎಂದರು. ಸವಿತಾ ಅವರ ಕೈ ಹಿಡಿದುಕೊಂಡಳು.

"ಅಪ್ಪಗ ಹೇಳಬ್ಯಾಡ್ರಿ ಟೀಚರ್. ನಿಮ್ಮ ಮನಿಗಿ ಬಂದಿದ್ದೆ ಅಂತ ಹೇಳ್ರಿ, ಅಷ್ಟೇ."

"ಅಂವ ಸುಳ್ಳ ಹೇಳ್ದ. ಈಗ ನಾನೂ ಸುಳ್ಳ ಹೇಳಿದ್ರ ಅಂವಗೂ ನನಗೂ ಏನ್ ಫರಕ್? ನಡಿ."

ಬಸ್ ಹತ್ತಿ, ಹೊತ್ತು ಮುಳುಗುವಷ್ಟರಲ್ಲಿ ಅವಳ ಹಳ್ಳಿ ಮುಟ್ಟಿದೆವು. ಸವಿತಾಳ ಅಪ್ಪ ಆಗಷ್ಟೇ ಹೊಲದಿಂದ ಬಂದು ಕಾಲು ತೊಳೆಯುತ್ತಿದ್ದರು. ಮಗಳ ಹಿಂದೆ ಇಬ್ಬರು ಮಾಸ್ತರರನ್ನು ಕಂಡು ಗಾಬರಿಯಾಗಿ ಜಮಖಾನ ಬಿಚ್ಚಿ ಹಾಸಿದರು. ಟೀಚರ್ ಕೂಡಲಿಲ್ಲ.

"ಮೊದಲ ಒಂದ್ ಮಾತು ಕೊಡ್ರಿ. ನಾ ಹೇಳೂದು ಕೇಳಿ ಆಕಿಗಿ ಹೊಡೆಯಾಂಗಿಲ್ಲ, ಫೋನ್ ಕಸ್ಕೊಳ್ಳಾಂಗಿಲ್ಲ. ಫೋನ್‌ದಾಗೇ ಕೇಳಿದ್ಲು, ಕೇಳಿದ್ದಕ್ಕೇ ಉಳಿದ್ಲು."

ಏನೆಂದು ತಿಳಿಯದೆ ಅವರು ಹೂಂ ಎಂದರು. ಟೀಚರ್ ಬಿಡಿಸಿ ಎಲ್ಲವನ್ನೂ ಹೇಳಿದರು. ಅವಳ ಅವ್ವ ಗೋಡೆ ಹಿಡಿದು ಕೂತುಬಿಟ್ಟಳು. ಅಪ್ಪ ಮಗಳ ಬ್ಯಾಗನ್ನು ಎತ್ತಿ ಒಳಗಿಟ್ಟು ಬಂದು, ಟೀಚರ್ ಕಡೆ ತಿರುಗಿ ಒಂದು ಮಾತು ಕೇಳಿದರು. ಅದರಲ್ಲಿ ಸಿಟ್ಟಿರಲಿಲ್ಲ, ಅದನ್ನೇ ನನಗೆ ತಡೆಯಲಾಗಲಿಲ್ಲ.

"ಟೀಚರ್, ಇಕಿಗಿ ಓದಸಬೇಕಂತ ನನಗೂ ಇತ್ತುರಿ. ಸಾಲಿಗಿ ಬಂದಾಗೆಲ್ಲಾ ನಿಮಗ ಕೇಳ್ತಿದ್ದೆ, ನನ್ನ ಮಗಳು ಹ್ಯಾಂಗ ಅದಾಳ್ರಿ ಅಂತ. ನೀವು ನಡೀತದ ಅಂತಿದ್ರಿ. ನಮಗ ಮಾರ್ಕಿನ ಲೆಕ್ಕ ತಿಳ್ಯಾಂಗಿಲ್ರಿ, ನಡೀತದ ಅಂದ್ರ ಅಷ್ಟಕ್ಕಷ್ಟೇ ಅಂತ ತಿಳ್ಕೊಂಡ್ನಿ. ಅಷ್ಟಕ್ಕಷ್ಟೇ ಇರೂ ಹುಡುಗಿಗಿ ಇನ್ನೇನ್ ಓದಸೂದು ಅಂತ ಮದುವಿ ಮಾಡ್ಲತ್ತೇನ್ರಿ."

ಟೀಚರ್ ಕನ್ನಡಕ ತೆಗೆದರು. ಸೆರಗಿನಿಂದ ಒರೆಸಿದರು. ಒರೆಸುತ್ತಲೇ ಇದ್ದರು, ಹಾಕಿಕೊಳ್ಳಲಿಲ್ಲ.

"ನನ್ನ ಕೈಯಾಗ ಇಕಿಯಂಥಾಕಿ ಮತ್ತೊಬ್ಬಾಕಿ ಬಂದಿಲ್ರಿ" ಎಂದರು ಕೊನೆಗೆ. "ಭಾಳ ಶಾಣ್ಯಾ ಅದಾಳ. ಭಾಳ ಅಂದ್ರ ಭಾಳ. ಅದು ನಾ ಆವಾಗೇ ಅನಬೇಕಿತ್ತು."

ಸವಿತಾ ಬಾಯಿಗೆ ಸೆರಗು ಒತ್ತಿಕೊಂಡು ಅತ್ತಳು. ಮದುವೆ ಮುಂದಕ್ಕೆ ಹೋಯಿತು. ಈಗ ಅವಳು ಬಿ.ಎಡ್. ಎರಡನೇ ವರ್ಷದಲ್ಲಿದ್ದಾಳೆ.

ಮಾರನೆಯ ದಿನ ಟೀಚರ್ ನನ್ನನ್ನು ಮನೆಗೆ ಕರೆದು, ಆ ಖಾತೆಯಲ್ಲಿ ತಮ್ಮ ಹೆಸರಿನಿಂದ ಬರೆದದ್ದನ್ನೆಲ್ಲ ಓದಿ ಹೇಳಿರಿ ಎಂದರು. ಕೆಂಪು ಪೆನ್ನು ಕೈಯಲ್ಲಿತ್ತು, ತಿದ್ದಲು ಕಾಗದ ಮಾತ್ರ ಇರಲಿಲ್ಲ. ನಾನು ಓದಿದೆ. "ಇದು ನನ್ನ ಮಾತಲ್ಲ" ಎನ್ನುವರು. ಮುಂದಿನದು ಓದಿದೆ. "ಇದೂ ಅಲ್ಲ." ತಾಯಿ ಸತ್ತ ಒಬ್ಬ ಹುಡುಗನಿಗೆ "ನಾನೂ ನಿನಗೆ ತಾಯಿಯೇ" ಎಂದು ಬರೆದದ್ದು ಬಂತು. ಟೀಚರ್ ಪೆನ್ನಿನ ಮುಚ್ಚಳ ಹಾಕಿದರು.

"ಕನ್ನಡ ಸರ್, ಇಂವ ಕಳ್ಳ ಹೌದೋ ಅಲ್ಲೋ?"

"ಹೌದ್ರಿ, ಕಳ್ಳನೇ."

"ಮತ್ತ ಕಳ್ಳ ಇದ್ದದ್ದು ಒಯ್ತಾನ. ನನ್ನ ಹತ್ರ ಇಲ್ಲದ್ದು ಇಂವ ಎಲ್ಲಿಂದ ತಂದ?"

ಹುಡುಗಿಯರನ್ನು ಎಳೆದೊಯ್ಯಲು ಕೂತ ದುಷ್ಟ, ಬಲೆ ಗಟ್ಟಿಯಾಗಲಿ ಎಂದು ಊರಿಗೆಲ್ಲ ಜೇನು ಹಂಚಿದ, ಅಷ್ಟು ತಿಳಿಯುತ್ತದೆ. ಆದರೆ ನಾವೆಲ್ಲ ಅದನ್ನು ನೆಕ್ಕಿದ್ದು ಯಾಕೆ? ಹೊಗಳದೇ ಇರುವ ಟೀಚರ್ ಒಮ್ಮೆಲೆ ಹೊಗಳಿದರೆ ಅನುಮಾನ ಬರಬೇಕಿತ್ತಲ್ಲ? ಬರಲಿಲ್ಲ. ಕೆಲವು ದಿನಗಳಾದ ಮೇಲೆ ಖಾತೆ ತಾನಾಗಿಯೇ ಮಾಯವಾಯಿತು. ಮನುಷ್ಯ ಸಿಗಲಿಲ್ಲ.

ಆಮೇಲೆ ಟೀಚರ್ ಛತ್ರಿ ಹಿಡಿದು ಊರೂರು ಹೊರಟರು. ಆ ಖಾತೆಯಿಂದ ಮಾತು ಬಂದವರ ಮನೆಗೆಲ್ಲ ಹೋಗಿ, ಬಾಗಿಲಲ್ಲಿ ನಿಂತು, "ಅದು ನಾ ಬರದದ್ದಲ್ಲ. ಇನ್ನ ಮ್ಯಾಲ ನನ್ನ ಹೆಸರಿಲೆ ಯಾರರೆ ಬಂದ್ರ, ನಡೀತದೇನ್ರಿ ಅಂತ ಕೇಳ್ರಿ" ಎನ್ನುವುದು. ಫೋನ್ ಮಾಡಬಾರದೇ ಎಂದರೆ, "ಫೋನ್‌ದಾಗ ಇರೂದು ನಾನೇ ಅಂತ ಅವರಿಗಿ ಹ್ಯಾಂಗ ಗೊತ್ತಾಗಬೇಕು?" ಎಂದರು. ಒಪ್ಪಬೇಕಾದ ಮಾತೇ.

ಭಾಲ್ಕಿಗೆ ನನ್ನನ್ನೂ ಕರೆದುಕೊಂಡು ಹೋಗಿದ್ದರು. ಬೇಕರಿಯವನು "ನಾನು ಧನ್ಯಳು" ಎಂಬುದನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ, ಫ್ರೇಮ್ ಮಾಡಿಸಿ, ದುಡ್ಡಿನ ಗಲ್ಲೆಯ ಮೇಲೆ ನೇತುಹಾಕಿದ್ದ. ಊದುಬತ್ತಿ ಬೇರೆ. ವಿಷಯ ಕೇಳಿ ಅವನ ಮುಖ ಬಾಡಿತು. "ತೆಗೀಲೇನ್ರಿ ಟೀಚರ್?" ಎಂದ. ಟೀಚರ್ ಅದನ್ನು ನೋಡಿದರು, ಅವನನ್ನು ನೋಡಿದರು, ಗಾಜಿನ ಪೆಟ್ಟಿಗೆಯಲ್ಲಿದ್ದ ಖಾರಿ ಬಿಸ್ಕಿಟೊಂದನ್ನು ಮುರಿದು ತಿಂದರು. ಆಮೇಲೆ ಫ್ರೇಮ್ ಇಳಿಸಲು ಹೇಳಿ, ಕಾಗದ ಹೊರಗೆ ತೆಗೆಸಿ, "ಧನ್ಯಳು" ಎಂಬುದಕ್ಕೆ ಕೆಂಪು ಗೀರು ಎಳೆದು, ಕೆಳಗೆ "ನಡೀತದ" ಎಂದು ಬರೆದು ಸಹಿ ಹಾಕಿದರು. ಆ ಗಡ್ಡದ ಮನುಷ್ಯ ಪಾಟಿ ಹಿಡಿದ ಹುಡುಗನಂತೆ ಕುಣಿದ. ಅದು ಈಗಲೂ ಅಲ್ಲಿ ತೂಗುತ್ತಿದೆ, ಬೇಕಾದರೆ ಹೋಗಿ ನೋಡಿ.

ಎಲ್ಲರದನ್ನೂ ತಿದ್ದಿದರು, ನನ್ನದೊಂದನ್ನು ಬಿಟ್ಟು. ನಾನೂ ಕೇಳಲಿಲ್ಲ. ಕೇಳಿದರೆ "ಅದು ನಾ ಬರದದ್ದಲ್ಲ" ಎನ್ನುತ್ತಾರೆ. ಅದು ಗೊತ್ತಿದ್ದೇ ಇದೆ, ಆದರೂ ಅವರ ಬಾಯಿಂದ ಕೇಳುವುದು ಬೇಡವಾಗಿತ್ತು.

ಕೊನೆಗೆ ಕೇಳಿದ್ದು ಆಸ್ಪತ್ರೆಯಲ್ಲಿ. ಎದೆಯಲ್ಲಿ ನೀರು ತುಂಬಿ ಮಲಗಿದ್ದರು, ಮೂಗು ಬಾಯಿಗೆ ಆಕ್ಸಿಜನ್ ಮಾಸ್ಕ್. ಅಕ್ಕ ಔಷಧಿ ತರಲು ಹೋಗಿದ್ದರು. ನಾನು ಏನೇನೋ ಮಾತಾಡಿ ಮಾತಾಡಿ ಕಡೆಗೆ "ಟೀಚರ್, ನಂದೊಂದು ತಿದ್ದೂದು ಉಳೀತಲ್ರಿ" ಎಂದೆ. ಯಾವುದೆಂದು ಅವರು ಕೇಳಲಿಲ್ಲ. ನೆನಪಿತ್ತು!

ಮಾಸ್ಕ್ ಸ್ವಲ್ಪ ಸರಿಸಿದರು. "ಬಾಗಲ ಹೊರಗ ನಾ ಯಾಕ ನಿಂದರ್ಲಿ?" ಎಂದರು. ಉಸಿರು ಎಳೆದುಕೊಂಡರು. "ಬಾಜೂ ಕ್ಲಾಸಿನಾಗೇ ಇರ್ತಿದ್ದೆ. ಅಲ್ಲೇ ಕೇಳ್ತಿ..."

ಅಷ್ಟರಲ್ಲಿ ನರ್ಸ್ ಬಂದು, ಮಾತಾಡಿಸಬೇಡ್ರಿ ಎಂದು ನನಗೆ ಬೈದು, ಮಾಸ್ಕನ್ನು ಮತ್ತೆ ಕೂರಿಸಿದಳು. ಕೊನೆಯ ಅಕ್ಷರ ಅದರೊಳಗೇ ಉಳಿಯಿತು. ಎರಡು ದಿನ ಬಿಟ್ಟು ಅವರು ಹೋದರು.

ನಾನು ಕನ್ನಡದ ಮಾಸ್ತರ. ಇಡೀ ಜನ್ಮ ಹುಡುಗರಿಗೆ ಕ್ರಿಯಾಪದ ಬಿಡಿಸಿ ಹೇಳಿದವನು. "ಕೇಳ್ತಿತ್ತು" ಎಂದರೆ, ನಿಮ್ಮ ಗದ್ದಲ ನನ್ನ ತರಗತಿಯವರೆಗೆ ಬರುತ್ತಿತ್ತು ಎಂದು ದೂರು. "ಕೇಳ್ತಿದ್ದೆ" ಎಂದರೆ, ಲೆಕ್ಕ ನಿಲ್ಲಿಸಿ ನಿಮ್ಮ ಪದ್ಯಕ್ಕೆ ಕಿವಿಗೊಡುತ್ತಿದ್ದೆ ಎಂದು. ಯಾವುದು? ದಿನಕ್ಕೊಂದು ಅನಿಸುತ್ತದೆ. ಅವರ ಸ್ವಭಾವ ನೆನೆದರೆ ಮೊದಲನೆಯದು. ಅಷ್ಟು ಕಷ್ಟಪಟ್ಟು ಮಾಸ್ಕ್ ಸರಿಸಿದ್ದನ್ನು ನೆನೆದರೆ ಎರಡನೆಯದು. ಒಂದನ್ನು ನಂಬಿದ ದಿನ ಸಂಜೆಯೊಳಗೆ ಇನ್ನೊಂದು ಬಂದು ಕೂರುತ್ತದೆ.

ಮೊನ್ನೆ ಆ ಫ್ರೆಂಡ್ ರಿಕ್ವೆಸ್ಟ್ ನೋಡಿದಾಗ ಇದೆಲ್ಲ ಒಟ್ಟಿಗೆ ನುಗ್ಗಿ ಬಂತು. ಅದು ಟೀಚರ್ ಅಲ್ಲ. ನನ್ನ ಕೈಯಾರೆ ಮಣ್ಣು ಹಾಕಿದ್ದೇನೆ. ಒಡನೆ ಪೊಲೀಸರಿಗೆ ತಿಳಿಸಬೇಕು, ಹುಡುಗರಿಗೆಲ್ಲ ಎಚ್ಚರಿಕೆ ಹೇಳಬೇಕು, ಎಲ್ಲಾ ಗೊತ್ತು. ಆದರೂ ಅದಕ್ಕೆ ಮೊದಲು, ಹುಚ್ಚನಂತೆ, "ನಡೀತದೇನ್ರಿ, ಟೀಚರ್?" ಎಂದು ಬರೆದು ಕಳಿಸಿದೆ. ಕಳಿಸಿ, ತೆರೆಯನ್ನೇ ನೋಡುತ್ತಾ ಕೂತೆ.

ಉತ್ತರ ಬಂತು: "ಪ್ರಿಯ ಗೆಳೆಯರೆ, ನಡೆಯಲು ತೊಂದರೆ ಇದೆಯೇ? ವೈದ್ಯರನ್ನು ಕಾಣಿರಿ."

ಬಿದ್ದು ಬಿದ್ದು ನಕ್ಕೆ. ನಗುತ್ತಿದ್ದವನಿಗೆ ಅಳು ಬಂದುಬಿಟ್ಟಿತು, ಮಣ್ಣು ಕೊಟ್ಟ ದಿನ ಬರದೇ ಇದ್ದ ಅಳು. ಮುಖ ತೊಳೆದು ಬಂದು, ಆ ಖಾತೆಯ ಫೋಟೋ ತೆಗೆದಿಟ್ಟುಕೊಂಡು, ದೂರು ಕೊಟ್ಟು, ಎಲ್ಲರಿಗೂ ಫೋನ್ ಮಾಡಿದೆ. ಸವಿತಾ ನನಗಿಂತ ಮೊದಲೇ ಊರಿಗೆಲ್ಲ ತಿಳಿಸಿ ಮುಗಿಸಿದ್ದಳು.

ಇವತ್ತು ಕೂತು ಇಷ್ಟನ್ನು ಬರೆದು, ಹೆಂಡತಿಯನ್ನು ಎದುರಿಗೆ ಕೂರಿಸಿಕೊಂಡು ಓದತೊಡಗಿದೆ. ಅರ್ಧಕ್ಕೆ ಬರುವಷ್ಟರಲ್ಲಿ ಆಕೆ ಕೈ ಅಡ್ಡ ಹಿಡಿದಳು.

"ನಾ ಇಲ್ಲೇ ಕುಂತೀನಲ್ರಿ. ಇಷ್ಟ ಜೋರು ಯಾರಿಗಿ ಕೇಳ್ಲಿ ಅಂತ ಓದ್ಲತ್ತೀರಿ?"